ಸ್ಪ್ಲಿಟ್ ಎಸಿ: ಹಾಕಿಸುವ ದಿನ ಏನು ನೋಡಬೇಕು, ಸರ್ವಿಸ್‌ನಲ್ಲಿ ಏನು ಕೇಳಬೇಕು

ಫೆಬ್ರುವರಿ ಮುಗಿಯುತ್ತಿದ್ದಂತೆ ನನಗೆ ಬರುವ ಪ್ರಶ್ನೆಗಳು ಎರಡೇ. "ಎಸಿ ತಗೊಂಡಿದ್ದೀವಿ, ಫಿಟ್ ಮಾಡುವಾಗ ಏನೇನು ನೋಡಬೇಕು?" ಇದು ಒಂದು. "ಹೋದ ವರ್ಷ ಗ್ಯಾಸ್ ತುಂಬಿಸಿದ್ವಿ, ಈಗ ಮತ್ತೆ ತಂಪಾಗ್ತಿಲ್ಲ, ಪ್ರತಿ ವರ್ಷ ತುಂಬಿಸಬೇಕಾ?" ಇದು ಇನ್ನೊಂದು. ಎರಡನೇ ಪ್ರಶ್ನೆಯ ಉತ್ತರ ಬಹಳ ಸಲ ಮೊದಲನೆಯದರಲ್ಲೇ ಸಿಗುತ್ತದೆ. ಫಿಟ್ಟಿಂಗ್ ದಿನದ ಎರಡು ಮೂರು ಗಂಟೆ ಸರಿಯಾಗಿ ಕಳೆದರೆ ಮುಂದಿನ ಹತ್ತು ವರ್ಷದ ಅರ್ಧ ತಲೆನೋವು ತಪ್ಪುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ಎಸಿ ತಂಪನ್ನು ತಯಾರಿಸುವುದಿಲ್ಲ. ರೂಮಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಒಳಗಿನ ಪೆಟ್ಟಿಗೆ ಇನ್‌ಡೋರ್, ಹೊರಗಿನದು ಔಟ್‌ಡೋರ್. ಎರಡರ ನಡುವೆ ಎರಡು ತಾಮ್ರದ ಪೈಪ್. ಆ ಪೈಪಿನೊಳಗೆ ಸುತ್ತುವ ಗ್ಯಾಸ್ ಒಳಗೆ ಬಿಸಿ ಹೀರಿಕೊಂಡು ಹೊರಗೆ ಬಿಡುತ್ತದೆ. ಗ್ಯಾಸ್ ಸುತ್ತುವ ದಿಕ್ಕನ್ನು ತಿರುಗಿಸಿದರೆ ಚಳಿಗಾಲದಲ್ಲಿ ಹೊರಗಿನ ಬಿಸಿ ಒಳಗೆ ಬರುತ್ತದೆ. ಅಂಥದ್ದನ್ನು ನಮ್ಮಲ್ಲಿ ಹಾಟ್ ಅಂಡ್ ಕೋಲ್ಡ್ ಎಸಿ ಅನ್ನುತ್ತಾರೆ, ಹೊರದೇಶಗಳಲ್ಲಿ ಹೀಟ್ ಪಂಪ್ ಅನ್ನುತ್ತಾರೆ.

ಗ್ಯಾಸ್, ತಾಮ್ರದ ಪೈಪ್, ಕರೆಂಟ್ ಜೋಡಣೆ ಈ ಮೂರೂ ಕಲಿತವರ ಕೆಲಸ. ನೀವು ಕೈ ಹಾಕಬೇಡಿ. ಆದರೆ ಪಕ್ಕದಲ್ಲಿ ನಿಂತು ನೋಡಲು, ಕೇಳಲು ನಿಮಗೆ ಪೂರ್ತಿ ಹಕ್ಕಿದೆ.

ಹಂತ 1: ಎಷ್ಟು ಟನ್?

ಟನ್ ಅಂದರೆ ತೂಕವಲ್ಲ, ಬಿಸಿ ಎತ್ತುವ ಶಕ್ತಿಯ ಅಳತೆ. 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್. ಸಾಮಾನ್ಯ ಲೆಕ್ಕಕ್ಕೆ 100ರಿಂದ 120 ಚದರ ಅಡಿ ರೂಮಿಗೆ 1 ಟನ್, 150ರಿಂದ 180 ಚದರ ಅಡಿಗೆ 1.5 ಟನ್ ಇಟ್ಟುಕೊಳ್ಳಿ. ಕಲಬುರಗಿ, ರಾಯಚೂರಿನಲ್ಲಿ ಮೇಲೆ ನೇರ ಆರ್‌ಸಿಸಿ ತಾರಸಿ ಇರುವ ರೂಮಾದರೆ ಈ ಲೆಕ್ಕ ಸಾಲದು, ಒಂದು ಹಂತ ಮೇಲೆ ಹೋಗಿ. ಅದಕ್ಕಿಂತ ಮೊದಲು ತಾರಸಿಗೆ ಬಿಳಿ ಬಣ್ಣ ಹೊಡೆಸಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಹಾಗಂತ ಚಿಕ್ಕ ರೂಮಿಗೆ ಸುಮ್ನೆ ದೊಡ್ಡ ಎಸಿ ಹಾಕಬೇಡಿ. ಅದು ಬೇಗ ತಂಪು ಮಾಡಿ ನಿಲ್ಲುತ್ತದೆ, ಗಾಳಿಯ ತೇವ ಮಾತ್ರ ಹಾಗೇ ಉಳಿಯುತ್ತದೆ. ಕರಾವಳಿಯಲ್ಲಿ ಇದು ದೊಡ್ಡ ಕಿರಿಕಿರಿ.

ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದು ವರ್ಷಕ್ಕೆ 1600 ಗಂಟೆ ಓಡಿಸಿದರೆ ಅನ್ನುವ ಲೆಕ್ಕ. ನೀವು ಬೇಸಿಗೆಯ ಎರಡು ತಿಂಗಳು ರಾತ್ರಿ ಮಾತ್ರ ಹಾಕುವವರಾದರೆ ಅದರ ಮೂರನೇ ಒಂದು ಭಾಗವೂ ಆಗದಿರಬಹುದು. ಅದನ್ನು ನೋಡಿಕೊಂಡು 3 ಸ್ಟಾರ್ ಸಾಕೇ, 5 ಸ್ಟಾರ್ ಬೇಕೇ ಅಂತ ತೀರ್ಮಾನಿಸಿ.

ಹಂತ 2: ಕರೆಂಟ್ ಮೊದಲೇ ಸಿದ್ಧ ಮಾಡಿಸಿ

ಫಿಟ್ಟಿಂಗ್‌ಗೆ ಬಂದವರು ಹತ್ತಿರದ ಯಾವುದೋ ಪಾಯಿಂಟ್‌ಗೆ ಸಿಕ್ಕಿಸಿ ಹೋಗುವುದು ಮಾಮೂಲಿ. ಒಪ್ಪಬೇಡಿ. ಡಿಸ್ಟ್ರಿಬ್ಯೂಷನ್ ಬೋರ್ಡ್‌ನಿಂದ ಎಸಿಗೇ ಬೇರೆ ಲೈನ್ ಬರಲಿ. 1.5 ಟನ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್, ಕಂಪನಿ ಹೇಳಿದ ಅಳತೆಯ ಎಂಸಿಬಿ, ಒಳ್ಳೆ ಅರ್ಥಿಂಗ್ ಇರಲಿ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದಾಗ ತಾನೇ ಕೆಳಗೆ ಬೀಳುವ ಸ್ವಿಚ್. ಹಳೆ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ, ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಬೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಯಾವುದೇ ಇರಲಿ, ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಒಮ್ಮೆ ನೋಡಿ. ಗೀಸರ್, ಪಂಪ್, ಎಸಿ ಮೂರೂ ಒಟ್ಟಿಗೆ ಓಡಿದರೆ ಅದು ದಾಟಬಹುದು.

ಸ್ಟೆಬಿಲೈಜರ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಯಂತ್ರ ಎಷ್ಟರಿಂದ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ಬುಕ್‌ಲೆಟ್‌ನಲ್ಲಿ ಇರುತ್ತದೆ. ನಿಮ್ಮ ಮನೆಯ ವೋಲ್ಟೇಜನ್ನು ಸಂಜೆ ಏಳರ ಹೊತ್ತಿಗೆ ಅಳೆದು ಹೋಲಿಸಿ. ಅದರೊಳಗೆ ಇದ್ದರೆ ಬೇಡ.

ಹಂತ 3: ಜಾಗ

ಇನ್‌ಡೋರ್‌ನ ಮೇಲೆ ಸೀಲಿಂಗ್‌ಗೆ ಸುಮಾರು 15 ಸೆಂ.ಮೀ. ಬಿಡಿ. ಗಾಳಿ ಎಳೆದುಕೊಳ್ಳುವುದು ಮೇಲಿನಿಂದಲೇ. ಹಾಸಿಗೆಯ ತಲೆದಿಂಬಿಗೆ ನೇರ ಗಾಳಿ ಹೊಡೆಯುವ ಹಾಗೆ, ಟಿವಿ ಅಥವಾ ವಾರ್ಡ್‌ರೋಬ್ ಮೇಲೆ ಹಾಕಿಸಬೇಡಿ. ಮುಂದೆ ಎಂದಾದರೂ ಒಂದು ದಿನ ನೀರು ತೊಟ್ಟಿಕ್ಕಿದರೆ ಕೆಳಗೆ ಏನಿರುತ್ತದೆ ಅಂತ ಯೋಚಿಸಿ ಜಾಗ ಆರಿಸಿ.

ಔಟ್‌ಡೋರ್‌ಗೆ ಎರಡು ಮಾತು. ಒಂದು, ಅದಕ್ಕೆ ಉಸಿರಾಡಲು ಜಾಗ ಬೇಕು. ಮುಚ್ಚಿದ ಯುಟಿಲಿಟಿಯಲ್ಲಿ, ಗ್ರಿಲ್ ಪೆಟ್ಟಿಗೆಯಲ್ಲಿ ಇಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನೇ ತಾನು ಎಳೆದುಕೊಳ್ಳುತ್ತದೆ. ತಂಪು ಕಡಿಮೆ, ಬಿಲ್ ಜಾಸ್ತಿ. ಹಿಂದೆ ಗೋಡೆಗೆ ಕನಿಷ್ಠ ಎಷ್ಟು ಜಾಗ ಬಿಡಬೇಕು ಅಂತ ಬುಕ್‌ಲೆಟ್‌ನಲ್ಲಿ ಚಿತ್ರವಿರುತ್ತದೆ, ಮುಂದೆ ಪೂರ್ತಿ ಖಾಲಿ ಇರಲಿ. ಎರಡು, ಅಲ್ಲಿಗೆ ಮನುಷ್ಯ ಸುರಕ್ಷಿತವಾಗಿ ತಲುಪಬೇಕು. ಮೂರನೇ ಮಹಡಿಯ ಹೊರಗೋಡೆಗೆ ನೇತುಹಾಕಿದರೆ ಪ್ರತಿ ಸರ್ವಿಸ್‌ಗೂ ಒಬ್ಬ ಹುಡುಗ ಕಿಟಕಿಯ ಸಜ್ಜೆಯ ಮೇಲೆ ನಿಂತು ಕೆಲಸ ಮಾಡಬೇಕು. ಬಾಲ್ಕನಿ ಅಥವಾ ತಾರಸಿ ಸಿಕ್ಕರೆ ನಾಲ್ಕು ಮೀಟರ್ ಪೈಪ್ ಜಾಸ್ತಿಯಾದರೂ ಪರವಾಗಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಸೇಫ್ಟಿ ಬೆಲ್ಟ್ ಇಲ್ಲದೆ ಯಾರನ್ನೂ ಹೊರಗೆ ಇಳಿಯಲು ಬಿಡಬೇಡಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ, ನೀವೂ ಮಾಡಿಕೊಳ್ಳಬೇಡಿ.

ಹಂತ 4: ತೂತು ಮತ್ತು ಸ್ಟ್ಯಾಂಡ್

ಪೈಪ್ ಹೋಗಲು ಗೋಡೆಯಲ್ಲಿ ಸುಮಾರು ಎರಡೂವರೆ ಇಂಚಿನ ತೂತು ಬೇಕು. ಇದನ್ನು ಕೋರ್ ಕಟಿಂಗ್ ಅನ್ನುತ್ತಾರೆ. ಬೀಮ್ ಮತ್ತು ಪಿಲ್ಲರ್ ಮುಟ್ಟಲೇಬಾರದು. ಗೋಡೆಯೊಳಗೆ ನೀರಿನ ಪೈಪ್, ವೈರ್ ಎಲ್ಲಿ ಹೋಗಿದೆ ಅಂತ ಮೊದಲೇ ತೋರಿಸಿ. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಇಲ್ಲದಿದ್ದರೆ ಜೂನ್ ಮಳೆ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಸ್ಟ್ಯಾಂಡ್ ನಿಲ್ಲುವುದು ಗೋಡೆಯ ಮೇಲೆ ಅವಲಂಬಿಸಿದೆ. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಆದರೆ ಆಂಕರ್ ಬೋಲ್ಟ್ ಸಾಕು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳ ಹಗುರ ಬ್ಲಾಕ್, ಟೊಳ್ಳು ಬ್ಲಾಕ್‌ಗಳಲ್ಲಿ ಅದೇ ಬೋಲ್ಟ್ ಕಂಪನಕ್ಕೆ ಸಡಿಲವಾಗಿ ಕಿತ್ತುಬರಬಹುದು. ಅಲ್ಲಿ ಗೋಡೆ ದಾಟಿ ಹೋಗುವ ಉದ್ದ ಬೋಲ್ಟ್ ಹಾಕಿ, ಒಳಗಡೆ ಪಟ್ಟಿ ಕೊಟ್ಟು ಬಿಗಿಯಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯ ಕೆಂಪುಕಲ್ಲಿನ ಗೋಡೆಗೂ ಇದೇ ಮಾತು, ಮೆತ್ತಗಿನ ಕಲ್ಲಿಗೆ ಬೋಲ್ಟ್ ಸರಿಯಾಗಿ ಹಿಡಿಯುವುದಿಲ್ಲ. ಕರಾವಳಿಯವರು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟನ್ನೇ ಕೇಳಿ. ಉಪ್ಪುಗಾಳಿಗೆ ಮಾಮೂಲಿ ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತದೆ.

ಹಂತ 5: ತಾಮ್ರದ ಪೈಪ್ ಮತ್ತು ಫ್ಲೇರ್

ಎರಡು ಪೈಪ್‌ಗಳಲ್ಲಿ ಸಣ್ಣದು ಸಾಮಾನ್ಯವಾಗಿ ಕಾಲು ಇಂಚು, ದೊಡ್ಡದು ಯಂತ್ರ ನೋಡಿಕೊಂಡು ಮೂರೆಂಟಾಂಶ (3/8) ಅಥವಾ ಅರ್ಧ ಇಂಚು. ಪೆಟ್ಟಿಗೆಯ ಜೊತೆ ಬರುವ ಉದ್ದ ಸಾಲದಿದ್ದರೆ ಹೆಚ್ಚುವರಿ ಪೈಪನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಬೇಕು. ದರವನ್ನು ಕೆಲಸ ಶುರುವಾಗುವ ಮೊದಲೇ ಕೇಳಿ. ತಾಮ್ರವನ್ನೇ ಕೇಳಿ, ತೆಳ್ಳಗಿನದು ಬೇಡ.

ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯ ಹಾಗೆ ಅಗಲಿಸಿ ನಟ್‌ನಿಂದ ಬಿಗಿಯುತ್ತಾರೆ. ಇದೇ ಫ್ಲೇರ್. ಗ್ಯಾಸ್ ಸೋರಿದರೆ ಮೊದಲು ನೋಡಬೇಕಾದ ಜಾಗ ಇದೇ. ಕತ್ತರಿಸಿದ ಅಂಚಿನ ಚೂರುಗಳನ್ನು ಪೈಪ್ ಬಾಯಿ ಕೆಳಗೆ ಮಾಡಿ ತೆಗೆಯಬೇಕು, ಚೂರು ಒಳಗೆ ಬೀಳಬಾರದು. ನಟ್ಟನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಒಂದೇ ಸ್ಪ್ಯಾನರ್‌ನಲ್ಲಿ ತಿರುಗಿಸಿದರೆ ಪೈಪ್ ತಿರುಚಿಕೊಳ್ಳುತ್ತದೆ. ಟಾರ್ಕ್ ಸ್ಪ್ಯಾನರ್, ಅಂದರೆ ಎಷ್ಟು ಬಲ ಹಾಕಿದ್ದೇವೆ ಅಂತ ತೋರಿಸುವ ಸ್ಪ್ಯಾನರ್ ಇದ್ದರೆ ಬಹಳ ಒಳ್ಳೆಯದು. "ಇನ್ನೂ ಟೈಟ್ ಮಾಡಿ" ಅಂತ ನೀವೂ ಹೇಳಬೇಡಿ. ಅತಿಯಾಗಿ ಬಿಗಿದರೆ ಫ್ಲೇರ್ ಸೀಳುತ್ತದೆ, ಆ ಸೀಳು ಆರು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಎರಡೂ ಪೈಪಿಗೆ ಬೇರೆ ಬೇರೆಯಾಗಿ ಕಪ್ಪು ಫೋಮ್ ಸುತ್ತಬೇಕು. ಕೀಲು ಇರುವ ಜಾಗದಲ್ಲಿ ಬಿಟ್ಟುಬಿಡುತ್ತಾರೆ, ನೋಡಿ. ಅಲ್ಲಿಂದಲೇ ಬೆವರಿ ಗೋಡೆ ಒದ್ದೆಯಾಗುತ್ತದೆ.

ಹಂತ 6: ಡ್ರೈನ್

ಎಸಿ ಗಾಳಿಯ ತೇವವನ್ನು ನೀರು ಮಾಡಿ ಹೊರಗೆ ಬಿಡುತ್ತದೆ. ಆ ನೀರಿನ ಪೈಪಿಗೆ ಪಂಪ್ ಇರುವುದಿಲ್ಲ, ಇಳಿಜಾರೇ ಗತಿ. ಮೀಟರಿಗೆ ಕನಿಷ್ಠ ಒಂದು ಸೆಂ.ಮೀ. ಇಳಿಯಲೇಬೇಕು. ಎಲ್ಲೂ ಮೇಲೆದ್ದು ಕೆಳಗೆ ಬರಬಾರದು, ತುದಿ ನೀರಿನ ಬಕೆಟ್ಟಿನೊಳಗೆ ಮುಳುಗಬಾರದು. ನಮ್ಮ ಮನೆಯ ಮೊದಲ ಎಸಿಯಲ್ಲಿ ಈ ಪೈಪ್ ಗೋಡೆಯೊಳಗೆ ಒಂದು ಕಡೆ ಡೊಂಕಾಗಿತ್ತು. ಎರಡನೇ ಬೇಸಿಗೆಯಲ್ಲಿ ಅಲ್ಲಿ ಲೋಳೆ ಕಟ್ಟಿಕೊಂಡು ನೀರೆಲ್ಲ ಒಳಗೆ ಸುರಿಯಿತು, ಗೋಡೆ ಒಡೆಸಬೇಕಾಯಿತು. ಹಾಗಾಗಿ ಪೈಪ್ ಮುಚ್ಚುವ ಮೊದಲು ಒಂದು ಲೀಟರ್ ನೀರನ್ನು ಇನ್‌ಡೋರ್‌ನ ತಟ್ಟೆಗೆ ಹುಯ್ಯಿಸಿ. ಹೊರಗೆ ಸರಾಗವಾಗಿ ಬಂದರೆ ಮಾತ್ರ ಮುಂದುವರಿಯಲಿ. ಐದು ನಿಮಿಷದ ಕೆಲಸ ಅಲ್ವಾ?

ಈ ನೀರನ್ನು ಗಿಡಕ್ಕೆ, ನೆಲ ಒರೆಸಲು ಬಳಸಿ. ಯುಪಿಎಸ್ ಬ್ಯಾಟರಿಗೆ ಮಾತ್ರ ಹಾಕಬೇಡಿ. ಶುದ್ಧ ನೀರಿನ ಹಾಗೆ ಕಂಡರೂ ಕಾಯಿಲ್, ಅಂದರೆ ಒಳಗೆ ಗ್ಯಾಸ್ ಸುತ್ತುವ ಪೈಪಿನ ಸುರುಳಿಯ ಮೇಲಿನ ಧೂಳು, ಲೋಹದ ಅಂಶ ಅದರಲ್ಲಿ ಸೇರಿರುತ್ತದೆ.

ಹಂತ 7: ವ್ಯಾಕ್ಯೂಮ್

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ಪೈಪ್ ಜೋಡಿಸಿದಾಗ ಒಳಗೆ ಮಾಮೂಲಿ ಗಾಳಿ ಮತ್ತು ತೇವ ಇರುತ್ತದೆ. ಅದನ್ನು ಪೂರ್ತಿ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್ ಬೇಕು. ಒತ್ತಡ ಬಹಳ ಇಳಿದಾಗ ನೀರು ರೂಮಿನ ತಾಪದಲ್ಲೇ ಕುದಿದು ಆವಿಯಾಗುತ್ತದೆ, ಪಂಪ್ ಅದನ್ನೂ ಹೊರಹಾಕುತ್ತದೆ. ತೇವ ಒಳಗೇ ಉಳಿದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಎಣ್ಣೆ ಅದನ್ನು ಹೀರಿಕೊಂಡು ನಿಧಾನಕ್ಕೆ ಆಮ್ಲವಾಗುತ್ತದೆ. ಗಾಳಿ ಉಳಿದರೆ ಒತ್ತಡ ಏರಿ ಬಿಲ್ ಏರುತ್ತದೆ. ಯಾವುದೂ ಮೊದಲ ದಿನ ಕಾಣುವುದಿಲ್ಲ. ತಂಪು ಚೆನ್ನಾಗಿಯೇ ಬರುತ್ತದೆ. ಅದಕ್ಕೇ ಈ ಹಂತವನ್ನು ಹಾರಿಸುವವರು ಜಾಸ್ತಿ.

ಹಾರಿಸುವ ವಿಧಾನ ಹೀಗಿರುತ್ತದೆ: ಔಟ್‌ಡೋರ್‌ನ ವಾಲ್ವನ್ನು ಎರಡು ಸೆಕೆಂಡ್ ತೆರೆದು, ಅದರಲ್ಲಿ ತುಂಬಿ ಬಂದ ಗ್ಯಾಸ್‌ನಿಂದಲೇ ಗಾಳಿಯನ್ನು ಹೊರಗೆ ತಳ್ಳುತ್ತಾರೆ. 'ಪರ್ಜ್ ಮಾಡಿದ್ವಿ ಸಾರ್' ಅನ್ನುತ್ತಾರೆ. ಇದರಿಂದ ತೇವ ಹೋಗುವುದಿಲ್ಲ, ನಿಮ್ಮ ಗ್ಯಾಸ್ ಕಡಿಮೆಯಾಗುತ್ತದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು. ಆರ್-290 ಅಂದರೆ ಪ್ರೊಪೇನ್, ಅದು ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಇವನ್ನು ಹೀಗೆ ಹೊರಗೆ ಬಿಡುವುದು ಅಪಾಯ.

ಸರಿಯಾದ ಕ್ರಮ ಇದು. ಮೊದಲು ಒಣ ನೈಟ್ರೋಜನ್ ತುಂಬಿ ಒತ್ತಡದಲ್ಲಿ ಇಟ್ಟು, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಬೇಕು. ನೈಟ್ರೋಜನ್ ಬದಲು ಆಕ್ಸಿಜನ್ ಎಂದಿಗೂ ಕೂಡದು. ಎಣ್ಣೆಯ ಜೊತೆ ಸೇರಿ ಸ್ಫೋಟವಾಗುತ್ತದೆ, ಜೀವ ಹೋಗುತ್ತದೆ. ಆಮೇಲೆ ನೈಟ್ರೋಜನ್ ಬಿಟ್ಟು, ವ್ಯಾಕ್ಯೂಮ್ ಪಂಪ್ ಹಚ್ಚಿ 20ರಿಂದ 30 ನಿಮಿಷ ಓಡಿಸಬೇಕು. ಒಳಗೆ ಎಷ್ಟು ಒತ್ತಡ ಉಳಿದಿದೆ ಅಂತ ತೋರಿಸುವ ಮೈಕ್ರಾನ್ ಗೇಜ್ ಇದ್ದರೆ ಅದು 500 ಮೈಕ್ರಾನ್‌ಗಿಂತ ಕೆಳಗೆ ಇಳಿಯಬೇಕು. ನಂತರ ಪಂಪ್ ಮುಚ್ಚಿ ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಮುಳ್ಳು ಮೇಲೇರಿದರೆ ಸೋರಿಕೆ ಇದೆ ಅಥವಾ ತೇವ ಉಳಿದಿದೆ. ನಿಂತಲ್ಲೇ ನಿಂತರೆ ಅಲೆನ್ ಕೀ ಹಾಕಿ ಎರಡೂ ವಾಲ್ವ್ ಪೂರ್ತಿ ತೆರೆದು, ಹಿತ್ತಾಳೆಯ ಮುಚ್ಚಳಗಳನ್ನು ವಾಪಸ್ ಬಿಗಿಯಬೇಕು.

ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ: "ವ್ಯಾಕ್ಯೂಮ್ ಪಂಪ್ ತರ್ತೀರಾ?" ಇಲ್ಲ ಅಂದರೆ ಬೇರೆಯವರನ್ನು ಹುಡುಕಿ.

ಹಂತ 8: ಓಡಿಸಿ ನೋಡುವುದು

18 ಡಿಗ್ರಿಗೆ ಇಟ್ಟು 20 ನಿಮಿಷ ಓಡಿಸಿ. ಮೇಲೆ ಒಳಗೆ ಹೋಗುವ ಗಾಳಿಗೂ ಕೆಳಗೆ ಹೊರಬರುವ ಗಾಳಿಗೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಸಾಕು. ಪೈಪ್ ಒಟ್ಟು ಎಷ್ಟು ಮೀಟರ್ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಕಂಪನಿ ಹೇಳಿದ ಮಿತಿಗಿಂತ ಜಾಸ್ತಿಯಾದರೆ ಮೀಟರಿಗೆ ಇಷ್ಟು ಗ್ರಾಂ ಅಂತ ತಕ್ಕಡಿಯಲ್ಲಿ ತೂಗಿ ಗ್ಯಾಸ್ ಸೇರಿಸಬೇಕು.

ಪರೀಕ್ಷೆ ಮುಗಿದ ಮೇಲೆ 24ರಲ್ಲಿ ಇಟ್ಟು ಜೊತೆಗೆ ಫ್ಯಾನ್ ಹಾಕಿ. 2020ರಿಂದ ಸ್ಟಾರ್ ಲೇಬಲ್ ಇರುವ ಎಸಿಗಳು 24ರಲ್ಲೇ ಶುರುವಾಗಬೇಕು ಎಂಬ ನಿಯಮ ಬಂದಿದೆ. ನಮ್ಮ ಹವೆಗೆ ಅದು ಸರಿಯಾಗಿದೆ.

ಇನ್ನು ಸರ್ವಿಸ್

ನೀವೇ ಮಾಡಬೇಕಾದದ್ದು ಒಂದು, ಫಿಲ್ಟರ್. ಹದಿನೈದು ದಿನಕ್ಕೊಮ್ಮೆ ತೆಗೆದು ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ. ದೇವರ ಕೋಣೆಯ ಧೂಪ, ಒಗ್ಗರಣೆಯ ಹೊಗೆ ಹರಿದು ಬರುವ ರೂಮಾದರೆ ಕಾಯಿಲ್ ಮೇಲೆ ಜಿಡ್ಡು ಬೇಗ ಕಟ್ಟುತ್ತದೆ, ಬಾಗಿಲು ಮುಚ್ಚಿಡಿ. ವಾಸನೆ ಬರುತ್ತಿದ್ದರೆ ಆಫ್ ಮಾಡುವ ಮೊದಲು 15 ನಿಮಿಷ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ, ಕಾಯಿಲ್ ಒಣಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಅರ್ಧ ಗಂಟೆ ಡ್ರೈ ಮೋಡ್‌ನಲ್ಲಿ ಓಡಿಸಿ.

ವರ್ಷಕ್ಕೊಮ್ಮೆ, ಬೇಸಿಗೆಗೆ ಮೊದಲು ನೀರಿನ ಸರ್ವಿಸ್ ಮಾಡಿಸಿ. ಮಾರ್ಚ್ ಕೊನೆಗೆ ಕಾಯಬೇಡಿ, ಆಗ ಎಲ್ಲರಿಗೂ ಅವಸರ. ಬಂದವರು ಎಂಸಿಬಿ ಆಫ್ ಮಾಡಿ ಹತ್ತು ನಿಮಿಷ ಕಾಯಲಿ. ಇನ್ವರ್ಟರ್ ಎಸಿಯ (ಕಂಪ್ರೆಸರ್ ವೇಗ ಬೇಕಾದ ಹಾಗೆ ಬದಲಾಗುವ ಎಸಿ) ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಆಫ್ ಆದ ಮೇಲೂ ಶಾಕ್ ಹೊಡೆಯುವಷ್ಟು ಶಕ್ತಿ ಉಳಿದಿರುತ್ತದೆ. ಬೋರ್ಡ್‌ಗೆ ಪ್ಲಾಸ್ಟಿಕ್ ಮುಚ್ಚಬೇಕು. ನೀರನ್ನು ಕಾಯಿಲ್‌ನ ತೆಳು ರೆಕ್ಕೆಗಳಿಗೆ ನೇರವಾಗಿ ಹೊಡೆಯಬೇಕು, ಓರೆಯಾಗಿ ಹೊಡೆದರೆ ತೆಳ್ಳಗಿನ ಅಲ್ಯೂಮಿನಿಯಂ ಮಡಚಿಕೊಳ್ಳುತ್ತದೆ. ಆಸಿಡ್ ಬೇಡ. ಔಟ್‌ಡೋರ್ ತೊಳೆಯದೆ ಬರೀ ಒಳಗಿನದು ತೊಳೆದು ಹೋದರೆ ಅದು ಅರ್ಧ ಸರ್ವಿಸ್. ಡ್ರೈನ್ ತಟ್ಟೆ, ಪೈಪ್, ಒಳಗಿನ ಉದ್ದ ಉರುಳೆ ಫ್ಯಾನ್ ಮೂರನ್ನೂ ತೊಳೆದರಾ ನೋಡಿ.

ಗ್ಯಾಸ್ ವಿಷಯ

ಗ್ಯಾಸ್ ಪೆಟ್ರೋಲ್ ಅಲ್ಲ. ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನಲ್ಲಿ ವರ್ಷಗಟ್ಟಲೆ ಅದೇ ಗ್ಯಾಸ್ ಸುತ್ತುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ, ಇಲ್ಲವೇ ಮೊದಲ ದಿನವೇ ಕಡಿಮೆ ಇತ್ತು. ಹಾಗಾಗಿ 'ಟಾಪ್ ಅಪ್ ಮಾಡ್ತೀನಿ' ಅಂದವರಿಗೆ ಒಂದೇ ಪ್ರಶ್ನೆ ಕೇಳಿ: "ಸೋರಿಕೆ ಎಲ್ಲಿದೆ, ತೋರಿಸಿ." ಫ್ಲೇರ್ ಹತ್ತಿರ ಎಣ್ಣೆಯ ಕಲೆ, ಸೋಪಿನ ಗುಳ್ಳೆ, ಏನಾದರೂ ಕಾಣಲೇಬೇಕು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್‌ನ ವೇಗ ಬದಲಾದ ಹಾಗೆ ಒತ್ತಡವೂ ಬದಲಾಗುತ್ತದೆ. ಬರೀ ಗೇಜ್ ನೋಡಿ ಕಡಿಮೆ ಇದೆ ಅನ್ನುವುದು ಸಾಲದು.

ಸೋರಿಕೆ ಸಿಕ್ಕರೆ ಉಳಿದ ಗ್ಯಾಸನ್ನು ಸಿಲಿಂಡರ್‌ಗೆ ತೆಗೆದು, ಸರಿಪಡಿಸಿ, ನೈಟ್ರೋಜನ್ ಪರೀಕ್ಷೆ, ವ್ಯಾಕ್ಯೂಮ್, ಆಮೇಲೆ ಹೊಸದಾಗಿ ತೂಗಿ ತುಂಬಬೇಕು. ಎಷ್ಟು ಗ್ರಾಂ ಅಂತ ಔಟ್‌ಡೋರ್‌ನ ಪಕ್ಕದ ಫಲಕದಲ್ಲೇ ಬರೆದಿರುತ್ತದೆ. ಯಾವ ಗ್ಯಾಸ್ ಅಂತಲೂ ಅಲ್ಲೇ ಇರುತ್ತದೆ. ಬೇರೆ ಗ್ಯಾಸ್ ಬೆರೆಸಲು ಬಿಡಬೇಡಿ.

ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೂ ತಕ್ಷಣ ಗ್ಯಾಸ್ ಅನ್ನಬೇಡಿ. ಆಫ್ ಮಾಡಿ, ಕರಗಲು ಬಿಟ್ಟು, ಫಿಲ್ಟರ್ ತೊಳೆದು ಮತ್ತೆ ಹಾಕಿ. ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತದೆ. ರೂಮಿನೊಳಗೆ ನೀರು ತೊಟ್ಟಿಕ್ಕಿದರೆ ಡ್ರೈನ್ ನೋಡಿ. ಆನ್ ಮಾಡಿದ ಮೂರು ನಿಮಿಷ ಔಟ್‌ಡೋರ್ ಸುಮ್ಮನಿದ್ದರೆ ಅದು ಕೆಟ್ಟಿಲ್ಲ, ಕಂಪ್ರೆಸರ್ ಉಳಿಸಲು ಕಾಯುತ್ತಿದೆ. ಎರರ್ ಕೋಡ್ ಬಂದರೆ ಆಫ್ ಮಾಡುವ ಮೊದಲು ಫೋಟೊ ತೆಗೆದಿಡಿ. ಔಟ್‌ಡೋರ್ ಬೋರ್ಡ್‌ಗೆ ಹಲ್ಲಿ, ಇರುವೆ ಹೊಕ್ಕು ಸುಡುವುದು ನಮ್ಮಲ್ಲಿ ಸಾಮಾನ್ಯ. ವೈರ್ ಒಳಹೋಗುವ ಸಂದನ್ನು ಮುಚ್ಚಿಸಿ, ಗಾಳಿಯ ದಾರಿಯನ್ನು ಮಾತ್ರ ಮುಚ್ಚಬೇಡಿ.

ಹಾಟ್ ಅಂಡ್ ಕೋಲ್ಡ್ ಇರುವವರಿಗೆ

ಮಡಿಕೇರಿಯ ಚಳಿಗೆ ಹಾಕಿಸಿಕೊಂಡವರು, ದೆಹಲಿಯಲ್ಲಿರುವ ನಮ್ಮವರು ಇದನ್ನು ಕೇಳುತ್ತಾರೆ. ಬಿಸಿ ಮಾಡುವಾಗ ಒಂದು ಯೂನಿಟ್ ಕರೆಂಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಕಾಯಿಲ್ ಹೀಟರ್‌ನಲ್ಲಿ ಒಂದಕ್ಕೆ ಒಂದೇ. ಬಹಳ ಚಳಿಯಿದ್ದಾಗ ಔಟ್‌ಡೋರ್ ಮೇಲೆ ಹಿಮ ಕಟ್ಟುತ್ತದೆ. ಆಗ ಯಂತ್ರ ಕೆಲವು ನಿಮಿಷ ಬಿಸಿಗಾಳಿ ನಿಲ್ಲಿಸಿ ಅದನ್ನು ಕರಗಿಸಿಕೊಳ್ಳುತ್ತದೆ, ಹೊರಗೆ ಆವಿ ಕಾಣುತ್ತದೆ. ಗಾಬರಿ ಬೇಡ. ಚಳಿಗಾಲದಲ್ಲಿ ನೀರು ಔಟ್‌ಡೋರ್‌ನಿಂದ ಬೀಳುತ್ತದೆ, ಅದಕ್ಕೂ ದಾರಿ ಮಾಡಿ. ಅಮೆರಿಕದಲ್ಲಿರುವವರು ಗ್ಯಾಸ್ ಕೆಲಸವನ್ನು ಅಲ್ಲಿನ ಪರಿಸರ ಸಂಸ್ಥೆ ಇಪಿಎಯ ಸೆಕ್ಷನ್ 608 ಪ್ರಮಾಣಪತ್ರ ಇರುವವರಿಂದಲೇ ಮಾಡಿಸಬೇಕು, ಅಲ್ಲಿ ಅದು ಕಾನೂನು. ಹಿಮ ಬೀಳುವ ಊರಾದರೆ ಔಟ್‌ಡೋರನ್ನು ಹಿಮದ ಮಟ್ಟಕ್ಕಿಂತ ಎತ್ತರದ ಸ್ಟ್ಯಾಂಡ್ ಮೇಲೆ ಇಡಿಸಿ.

ಮನೆ ಬದಲಿಸುವಾಗ

ಬಾಡಿಗೆ ಮನೆಯವರು ಇದನ್ನು ಕೇಳದೇ ಇರುವುದಿಲ್ಲ. ಬಿಚ್ಚುವ ಮೊದಲು 'ಪಂಪ್ ಡೌನ್' ಮಾಡಿಸಿ. ಎಸಿಯನ್ನು ಕೂಲಿಂಗ್‌ನಲ್ಲಿ ಓಡಿಸುತ್ತಾ ಸಣ್ಣ ಪೈಪಿನ ವಾಲ್ವ್ ಮುಚ್ಚಿದರೆ ಗ್ಯಾಸೆಲ್ಲ ಔಟ್‌ಡೋರ್‌ಗೆ ಬಂದು ಸೇರುತ್ತದೆ. ಗೇಜ್ ಸೊನ್ನೆಯ ಹತ್ತಿರ ಬಂದಾಗ ದೊಡ್ಡ ವಾಲ್ವ್ ಮುಚ್ಚಿ, ಕೂಡಲೇ ಆಫ್ ಮಾಡುತ್ತಾರೆ. ಆಮೇಲೂ ಓಡುತ್ತಿದ್ದರೆ, ಅಥವಾ ಬಿಟ್ಟ ಪೈಪಿನಿಂದ ಗಾಳಿ ಒಳಗೆ ಹೋದರೆ ಕಂಪ್ರೆಸರ್ ಸಿಡಿಯುವ ಅಪಾಯವಿದೆ. ಅದಕ್ಕೆ ಗೇಜ್ ಇಲ್ಲದೆ ಅಂದಾಜಿನಲ್ಲಿ ಮಾಡಲು ಬಿಡಬೇಡಿ. ಬಿಚ್ಚಿದ ಪೈಪಿನ ಬಾಯಿಗಳಿಗೆ ಆ ಕ್ಷಣವೇ ಟೇಪ್ ಸುತ್ತಿಸಿ. ಹೊಸ ಮನೆಯಲ್ಲಿ ಹಳೇ ಫ್ಲೇರ್ ಕತ್ತರಿಸಿ ಹೊಸದು ಮಾಡಿಸಿ, ಮತ್ತೆ ಹಂತ 6 ಮತ್ತು 7. ವ್ಯಾಕ್ಯೂಮ್ ಪಂಪ್ ತರುತ್ತೀರಾ ಅಂತ ಅಲ್ಲೂ ಫೋನಿನಲ್ಲೇ ಕೇಳಿ.